ಕೊನೆಯ ಪುಟದಿಂದ ಶುರುವಾಗುವ ದೇಶ

ಜಪಾನಿಗೆ ಹೋಗಿ ಬಂದವನು ಅಂದರೆ ಜನ ಮೊದಲು ಕೇಳುವುದು ಬಾಣದ ಹಾಗೆ ಓಡುವ ರೈಲಿನ ಬಗ್ಗೆ. ಆಮೇಲೆ ಹಿಮದ ಟೋಪಿ ಹಾಕಿಕೊಂಡ ಬೆಟ್ಟದ ಬಗ್ಗೆ. ಎರಡನ್ನೂ ನಾನು ನೋಡಲಿಲ್ಲ. ರೈಲು ಹತ್ತಿದ್ದು ನಿಜ. ಅದು ನಮ್ಮ ಮೈಸೂರು ಪ್ಯಾಸೆಂಜರಿನ ತಂಗಿಯ ಹಾಗಿತ್ತು, ಸ್ವಲ್ಪ ಮೈ ತೊಳೆದುಕೊಂಡಿತ್ತು ಅಷ್ಟೆ. ಬೆಟ್ಟ ಇರುವ ದಿಕ್ಕಿಗೆ ಕೈ ತೋರಿಸಿದರು. ಅಲ್ಲಿ ಮೋಡ ಇತ್ತು. ನಾನು ಸರಿಯಾಗಿ ನೋಡಿದ್ದು ಒಂದು ಕಲ್ಲಿನ ಅಂಗಳ, ಒಂದು ಸಣ್ಣ ಸ್ಟೇಷನ್ನು, ಮತ್ತೆ ಒಂದು ಕಾಮಿಕ್ಸ್ ಪುಸ್ತಕ. ಆ ಪುಸ್ತಕಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಉಳಿದ ಕನ್ನಡವನ್ನು ಕಲಿಸಿದ್ದು ಗುಂಡ್ಲುಪೇಟೆ ಬಸ್ ನಿಲ್ದಾಣದ ಮಾದಪ್ಪನವರ ಪುಸ್ತಕದ ಗೂಡಂಗಡಿ. ಬರವಣಿಗೆಯಲ್ಲಿ ತಪ್ಪು ಕಂಡರೆ ಅರ್ಧ ಅವರ ಪಾಲಿಗೆ ಹಾಕಿ.

ಗುಂಡ್ಲುಪೇಟೆ ಬಸ್ ನಿಲ್ದಾಣ

ನಮ್ಮ ಅಬ್ಬಾ ಕಲಾಯಿ ಹಾಕುತ್ತಿದ್ದರು. ಬೀದಿಯ ಮೂಲೆಯಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಹಿತ್ತಾಳೆ ಪಾತ್ರೆಯ ಒಳಗೆ ತವರ ಸವರಿದರೆ ಅದು ಬೆಳ್ಳಿಯ ಹಾಗೆ ಬೆಳಗುತ್ತಿತ್ತು. ಸ್ಟೀಲು ಬಂದ ಮೇಲೆ ಆ ಕಸುಬು ನಿಂತಿತು. ನಾನು ಚಾಮರಾಜನಗರದ ಕರಿಕಲ್ಲಿನ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸಕ್ಕೆ ಸೇರಿದೆ. ಅಬ್ಬಾ ಹೇಳುತ್ತಿದ್ದರು, ‘ಅಪ್ಪ ಪಾತ್ರೆ ಬೆಳಗಿದ, ಮಗ ಬಂಡೆ ಬೆಳಗುತ್ತಾನೆ. ಮೊಮ್ಮಗ ಬೆಟ್ಟ ಬೆಳಗುತ್ತಾನೋ ಏನೋ.’

ನನ್ನ ತಂಗಿ ನಸೀಮಾ. ಮನೆಯಲ್ಲಿ ನಮ್ಮದು ಉರ್ದು ಮಾತು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನನ್ನನ್ನು ಕನ್ನಡ ಶಾಲೆಗೆ ಹಾಕಿದರು, ಅವಳನ್ನು ಉರ್ದು ಶಾಲೆಗೆ. ಹಾಗಾಗಿ ಮಾದಪ್ಪನವರ ಗೂಡಿನಿಂದ ನಾನು ಬಾಡಿಗೆಗೆ ತಂದ ಕಾಮಿಕ್ಸನ್ನು ಅವಳಿಗೆ ಓದಿ ಹೇಳಬೇಕಿತ್ತು. ನಾನು ಮಾತು ಓದುತ್ತಿದ್ದೆ, ಅವಳು ಚಿತ್ರ ಓದುತ್ತಿದ್ದಳು. ‘ಭಾಯ್, ಈ ಕೋತಿಗೆ ತೂಕವೇ ಇಲ್ಲ. ಕೂತರೂ ಕೊಂಬೆ ಬಗ್ಗಿಲ್ಲ ನೋಡು’ ಅನ್ನುತ್ತಿದ್ದಳು. ಕಲಾಯಿ ಒಲೆಯ ಇದ್ದಿಲು ತೆಗೆದುಕೊಂಡು ನೆಲದ ಮೇಲೆ ಬೇರೆ ಕೋತಿ ಬರೆಯುತ್ತಿದ್ದಳು. ಆ ಕೊಂಬೆ ಬಗ್ಗುತ್ತಿತ್ತು.

ನಮ್ಮ ಕಾಮಿಕ್ಸ್ ಮಾಸಿಕದ ಹೊಸ ಸಂಚಿಕೆ ತಿಂಗಳಿಗೊಮ್ಮೆ ಮೈಸೂರಿನ ಬಸ್ಸಿನ ತಲೆಯ ಮೇಲೆ ಬರುತ್ತಿತ್ತು. ಕಂಡಕ್ಟರ್ ಕಟ್ಟನ್ನು ಮೇಲಿಂದಲೇ ಎಸೆಯುತ್ತಿದ್ದ. ದಾರ ಬಿಚ್ಚುವಷ್ಟರಲ್ಲಿ ನಾವು ಹುಡುಗರು ಗೂಡಿನ ಸುತ್ತ ಮುತ್ತಿಕೊಳ್ಳುತ್ತಿದ್ದೆವು. ಮಾದಪ್ಪನವರು ಗದರುತ್ತಿದ್ದರು: ‘ನಿಂತ್ಕಂಡು ಓದುದ್ರೆ ಅಕ್ಸರ ಸವ್ದೋಯ್ತವೆ ಕಣ್ಲಾ! ಬಾಡ್ಗೆ ಕೊಟ್ಟು ಮನ್ಗೋಗಿ ಓದು, ಓಗು.’ ಅಕ್ಷರ ಸವೆಯುತ್ತದೆ ಅಂತ ನಾನು ಬಹಳ ದಿನ ನಿಜವಾಗಿ ನಂಬಿದ್ದೆ.

ನಸೀಮಾ ಹದಿನಾರರ ಸುಮಾರಿನಲ್ಲಿ ತಾನೇ ಒಂದು ಚಿತ್ರಕಥೆ ಮಾಡಿದಳು. ಕಲಾಯಿ ಚಾಚಾ ಅಂತ ಹೆಸರು. ಚಾಚಾ ಯಾವ ಪಾತ್ರೆಗೆ ಕಲಾಯಿ ಹಾಕಿದರೂ ಅದರಲ್ಲಿ ಕೊನೆಯದಾಗಿ ಉಂಡವನ ಮುಖ ಮೂಡುತ್ತದೆ. ಮದುವೆ ಮನೆಯ ಕೊಪ್ಪರಿಗೆ ಕದ್ದು ಅದರಲ್ಲೇ ಉಂಡ ಕಳ್ಳ ಅದನ್ನೇ ಕಲಾಯಿಗೆ ತರುತ್ತಾನೆ. ತನ್ನ ಮುಖ ತಾನೇ ಕಂಡು ಹೆದರಿ ಓಡುತ್ತಾನೆ, ಓಡಿ ಓಡಿ ಅದೇ ಕೊಪ್ಪರಿಗೆಯೊಳಗೆ ಬಚ್ಚಿಟ್ಟುಕೊಳ್ಳುತ್ತಾನೆ. ಕೊನೆಯ ಚಿತ್ರದಲ್ಲಿ ಅವನ ಮೂಗಿಗೂ ಕಲಾಯಿ ಆಗಿರುತ್ತದೆ. ಅದು ಮಿನುಗುತ್ತಿರುತ್ತದೆ. ಅಮ್ಮಿ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆಗ ಆ ಮಾಸಿಕದಲ್ಲಿ, ಓದುಗರೂ ಚಿತ್ರಕಥೆ ಕಳಿಸಬಹುದು, ಚೆನ್ನಾಗಿದ್ದರೆ ಅಚ್ಚು ಹಾಕುತ್ತೇವೆ ಅಂತ ಬಂದಿತ್ತು. ನಾನು ಪುಟಗಳನ್ನು ಮೈಸೂರಿನ ಅವರ ಕಚೇರಿಗೆ ತೆಗೆದುಕೊಂಡು ಹೋದೆ. ವಾಪಸ್ ಬಂದು ನಸೀಮಾಗೆ ಹೇಳಿದೆ: ‘ಇಟ್ಟುಕೊಂಡಿದ್ದಾರೆ. ಯಾವುದಾದರೂ ಸಂಚಿಕೆಯಲ್ಲಿ ಬರುತ್ತದೆ.’

ಅದು ಸುಳ್ಳು. ಮೈಸೂರಿನಲ್ಲಿ ಆದದ್ದನ್ನು ಮುಂದೆ ಹೇಳುತ್ತೇನೆ. ಅವಳು ನಂಬಿದಳು ಅನ್ನುವುದನ್ನು ಇಲ್ಲೇ ಹೇಳಬೇಕು. ಪ್ರತಿ ತಿಂಗಳೂ ಕಟ್ಟು ಬರುವ ದಿನ ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು. ‘ಬಂತಾ?’ ‘ಈ ಸಲ ಇಲ್ಲ. ಸಾಲಿನಲ್ಲಿದೆಯಂತೆ.’ ಇನ್ನೊಂದು ತಿಂಗಳು, ‘ದಸರಾ ವಿಶೇಷಾಂಕಕ್ಕೆ ಇಟ್ಟಿದ್ದಾರಂತೆ.’ ಒಂದು ಸುಳ್ಳಿಗೆ ಇನ್ನೊಂದನ್ನು ಒರಗಿಸುತ್ತಾ ಹೋದೆ. ಆಮೇಲೆ ಎಲ್ಲರ ಮನೆಗೂ ಟಿವಿ ಬಂತು. ಕಟ್ಟು ತೆಳ್ಳಗಾಯಿತು. ಒಂದು ತಿಂಗಳು ಬರಲೇ ಇಲ್ಲ. ಮಾದಪ್ಪನವರು ಕೈ ಒದರಿದರು: ‘ನಿಂತೋಯ್ತು ಕಣಪ್ಪ. ಮುಚ್ಬುಟ್ರಂತೆ.’

ಬರೆಯಲು ನಾಚಿಕೆಯಾಗುತ್ತದೆ. ಆ ದಿನ ನನಗೆ ಹಗುರವಾಯಿತು. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ನಸೀಮಾ ಮಾತ್ರ ಕೇಳಿದಳು: ‘ಇನ್ನೊಂದು ತಿಂಗಳು ನಡೆದಿದ್ದರೆ ನಮ್ಮದು ಬಂದುಬಿಡುತ್ತಿತ್ತು, ಅಲ್ಲವಾ ಭಾಯ್?’ ಹೌದು ಅಂದೆ. ಅದರ ನಂತರ ಅವಳು ಚಿತ್ರ ಬರೆಯಲಿಲ್ಲ. ಚಾಮರಾಜನಗರದ ಒಬ್ಬ ಟೈಲರಿಗೆ ಕೊಟ್ಟು ಮದುವೆ ಮಾಡಿದೆವು.

ಚಾಮರಾಜನಗರ ಜಿಲ್ಲೆಯಾದ ವರ್ಷದ ಆಸುಪಾಸಿನಲ್ಲಿ ನಮ್ಮ ಮಾಲೀಕರು ನನ್ನನ್ನೂ ನನ್ನ ಜೊತೆ ಪಾಲಿಶ್ ಮಾಡುತ್ತಿದ್ದ ಉಮ್ಮತ್ತೂರಿನ ಮಾದೇವನನ್ನೂ ಜಪಾನಿಗೆ ಹೋಗಿ ಅಂದರು. ನಮ್ಮಲ್ಲಿಂದ ಹೋದ ಕರಿಕಲ್ಲು ಅಲ್ಲಿ ಮಂಕಾಗುತ್ತಿದೆ, ಕೂತು ಮತ್ತೆ ಪಾಲಿಶ್ ಮಾಡಿ ಕೊಡಿ ಅಂತ. ಹೊರಡುವ ದಿನ ಬಸ್ ನಿಲ್ದಾಣಕ್ಕೆ ಬಂದೆ. ಪುಸ್ತಕದ ಗೂಡು ಅಷ್ಟೊತ್ತಿಗೆ ಎಸ್‌ಟಿಡಿ ಬೂತ್ ಆಗಿತ್ತು. ಮಾದಪ್ಪನವರು ಫೋನಿನ ಪಕ್ಕ ಕೂತಿದ್ದರು. ‘ನಿಂತ್ಕಂಡು ಓದ್ತಿದ್ದ ಐದ, ಇಮಾನ ಅತ್ಬುಟ್ಟನಲ್ಲಪ್ಪ! ಅಲ್ಲಾದ್ರೂವೆ ಕೂತ್ಕಳ್ಳಕ್ ಬುಟ್ಟಾರಾ?’ ಅಂದು ನಕ್ಕರು.

ಚಾಮರಾಜನಗರದಲ್ಲಿ ನಸೀಮಾ ಮನೆಗೆ ಹೇಳಲು ಹೋದೆ. ಅವಳು ಬೇರೇನೂ ಕೇಳಲಿಲ್ಲ. ‘ಅಲ್ಲಿ ಚಿತ್ರದ ಪುಸ್ತಕ ಸಿಕ್ಕರೆ ಒಂದು ತಾ, ಭಾಯ್. ಮಾತು ಯಾವುದಾದರೂ ಇರಲಿ’ ಅಂದಳು.

ವಿಮಾನ ಇಳಿದ ಜಾಗ

ಮಾದೇವನ ಚೀಲದಲ್ಲಿ ಅವನ ಹೆಂಡತಿ ಕಟ್ಟಿಕೊಟ್ಟ ಹುರಿಹಿಟ್ಟು ಇತ್ತು. ತನಿಖೆಯ ಮೇಜಿನ ಹಿಂದೆ ಬಿಳಿ ಕೈಗವಸು ತೊಟ್ಟ ಅಧಿಕಾರಿ ಅದನ್ನು ತೆಗೆದು, ಬಿಚ್ಚಿ, ಮೂಸಿ, ಇನ್ನೊಬ್ಬನನ್ನು ಕರೆದ. ಇಬ್ಬರೂ ಮೂಸಿದರು. ಮೂರನೆಯವನು ಬಂದ.

‘ಇದ್ಯಾಕ್ಲಾ ಅನ್ವರಾ, ಎಲ್ಲಾ ಮೂಸ್ತಾವ್ರೆ?’ ಅಂದ ಮಾದೇವ.

‘ಯಾವುದೋ ಕೆಟ್ಟ ಪುಡಿ ಅಂದುಕೊಂಡಿದ್ದಾರೆ.’

‘ಅಯ್ಯೋ ಇವ್ನ! ತಿಂದು ತೋರುಸ್ತೀನಿ ಬುಡು’ ಅಂದವನೇ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡ. ಒಣ ಹಿಟ್ಟು ಗಂಟಲಿಗೆ ಸಿಕ್ಕಿ ಕೆಮ್ಮಿದ. ಅಧಿಕಾರಿಯ ಕಪ್ಪು ಕೋಟಿನ ಮೇಲೆಲ್ಲ ರಾಗಿ ಬಿತ್ತು. ಆ ಮನುಷ್ಯ ಕೋಪ ಮಾಡಿಕೊಳ್ಳಲಿಲ್ಲ. ಬಗ್ಗಿ ನಮಸ್ಕರಿಸಿದ. ಕೆಮ್ಮುತ್ತಲೇ ಮಾದೇವನೂ ಬಗ್ಗಿದ. ನಮ್ಮಲ್ಲಾಗಿದ್ದರೆ ಇಷ್ಟಕ್ಕೆ ಎರಡು ಊರು ಸೇರಿಬಿಡುತ್ತಿದ್ದವು. ಇಲ್ಲಿ ತಪ್ಪು ಯಾರದೇ ಇರಲಿ, ಇಬ್ಬರೂ ಬಗ್ಗಿದರೆ ಮುಗಿಯಿತು. ಈ ಪದ್ಧತಿ ನನಗೆ ಹಿಡಿಸಿತು. ಎಲ್ಲ ತಪ್ಪಿಗೂ ಇದು ಸಾಕಾಗುತ್ತದಾ ಅಂತಲೂ ಅನ್ನಿಸಿತು.

ಕಲ್ಲಿನ ಅಂಗಳ

ನಮ್ಮನ್ನು ಕರೆದುಕೊಂಡು ಹೋದವನು ಸೆಲ್ವಂ, ಕೊಯಮತ್ತೂರಿನವನು. ಅಲ್ಲಿ ಕೆಲಸಕ್ಕೆ ಬಂದು ಭಾಷೆ ಕಲಿತು ಕೂತಿದ್ದ. ಅವನ ತಮಿಳು ನಮ್ಮಿಬ್ಬರಿಗೂ ಅರ್ಥವಾಗುತ್ತಿತ್ತು. ನಮ್ಮ ಕನ್ನಡ ಅವನಿಗೆ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು.

ಅಂಗಳದಲ್ಲಿ ನಮ್ಮ ಕಲ್ಲು ಸಾಲಾಗಿ ನಿಂತಿತ್ತು. ಪರದೇಶದಲ್ಲಿ ಊರಿನವರು ಕಂಡ ಹಾಗಾಯಿತು. ಅವೆಲ್ಲ ಸಮಾಧಿಯ ಕಲ್ಲುಗಳು. ಸತ್ತವರ ಮನೆಯವರು ಬಂದು ಕಲ್ಲಿನ ತಲೆಯ ಮೇಲೆ ನೀರು ಸುರಿದು, ಒರೆಸಿ, ಮಾತಾಡಿಸಿ ಹೋಗುತ್ತಾರಂತೆ. ನಮ್ಮ ಕಬರಸ್ತಾನದಲ್ಲಿ ಅಬ್ಬಾನ ಮಣ್ಣಿನ ಮೇಲೆ ಒಂದು ಕಾಡುಗಲ್ಲು ನಿಲ್ಲಿಸಿದ್ದೇವೆ. ಅಬ್ಬಾನ ಮಗ ಬೆಳಗಿದ ಕಲ್ಲು ಇಲ್ಲಿ ಯಾರದೋ ಅಬ್ಬಾನ ತಲೆಯ ಹತ್ತಿರ ನಿಲ್ಲುತ್ತದೆ.

ಕಲ್ಲು ಮಂಕಾದದ್ದು ಯಾಕೆ ಅಂತ ನಮಗೆ ನೋಡಿದ ಕೂಡಲೇ ಗೊತ್ತಾಯಿತು. ಸರಿಯಾಗಿ ಉಜ್ಜದೆ, ಮೇಲೆ ಎಣ್ಣೆ ಸವರಿ ಕಪ್ಪು ಬರಿಸಿ ಕಳಿಸಿದ್ದರು. ಹಡಗಿನಲ್ಲಿ ಬರುವಷ್ಟರಲ್ಲಿ ಎಣ್ಣೆ ಇಂಗಿ ಬೂದಿ ಬಣ್ಣ ಹೊರಗೆ ಬಂದಿತ್ತು.

‘ಎಣ್ಣೆ ಅಂತ ಏಳನಾ ಬ್ಯಾಡ್ವಾ?’ ಮಾದೇವ ಮೆತ್ತಗೆ ಕೇಳಿದ.

‘ಕೇಳಿದರೆ ಹೇಳೋಣ’ ಅಂದೆ.

‘ನೀ ಯಾವತ್ತೂ ಇಂಗೇ ಕಣ್ಲಾ. ಕೇಳುದ್ರೆ ಏಳನ, ಕೇಳ್ದಿದ್ರೆ ಬುಡನ.’ ಅವನು ತಮಾಷೆಗೆ ಅಂದ. ನನಗೆ ಒಳಗೆ ಚುಚ್ಚಿತು.

ಅಲ್ಲಿ ಹೆಸರು ಕೆತ್ತುವ ಕೆಲಸ ಮೋರಿ ಅನ್ನುವವರದು. ಅಜ್ಜನಾಗುವ ವಯಸ್ಸು, ಕುತ್ತಿಗೆಯ ಸುತ್ತ ಯಾವಾಗಲೂ ಒಂದು ಬಿಳಿ ಟವೆಲ್. ಅವರ ಹೆಸರು ಕೇಳಿ ಮಾದೇವ ಮೊದಲ ದಿನವೆಲ್ಲ ಮುಖ ಆ ಕಡೆ ತಿರುಗಿಸಿ ನಕ್ಕ. ಎರಡನೇ ದಿನ ಅವರ ಉಳಿಯ ಕೆಲಸ ನೋಡಿ ಸುಮ್ಮನಾದ.

ಸೋಮವಾರ

ಸೋಮವಾರ ಊಟದ ಹೊತ್ತಿಗೆ ಮೋರಿಯವರು ಒಂದು ದಪ್ಪ ಪುಸ್ತಕ ತೆಗೆದರು. ತಲೆದಿಂಬಿನಷ್ಟು ದಪ್ಪ, ಒರಟು ಕಾಗದ. ಒಂದಿಷ್ಟು ಹಾಳೆ ಗುಲಾಬಿ, ಒಂದಿಷ್ಟು ಹಸಿರು. ಒಳಗೆಲ್ಲ ಚಿತ್ರ. ಕಾಮಿಕ್ಸ್! ವಾರಕ್ಕೊಂದು, ಸೋಮವಾರ ಸೋಮವಾರ ಬರುತ್ತದಂತೆ. ಅಂಗಳದ ಲೆಕ್ಕ ಬರೆಯುವವನ ಹತ್ತಿರವೂ ಒಂದಿತ್ತು. ಕ್ರೇನಿನವನ ಹತ್ತಿರ ಬೇರೆಯದಿತ್ತು. ಊಟ ಮುಗಿಸಿ ದೊಡ್ಡ ದೊಡ್ಡ ಗಂಡಸರು ಬೀಡಿ ಸೇದುವ ಹಾಗೆ ಸುಮ್ಮನೆ ಕೂತು ಚಿತ್ರಕಥೆ ಓದುತ್ತಿದ್ದರು. ಯಾರೂ ಯಾರನ್ನೂ ಆಡಿಕೊಳ್ಳಲಿಲ್ಲ. ನಮ್ಮಲ್ಲಿ ಮೀಸೆ ಬಂದವನ ಕೈಯಲ್ಲಿ ಕಾಮಿಕ್ಸ್ ಕಂಡರೆ ‘ಇನ್ನೂ ಚಡ್ಡಿ ಬುಟ್ಟಿಲ್ವಾ’ ಅನ್ನುತ್ತಾರೆ.

ಆ ಸೋಮವಾರ ಮೋರಿಯವರು ಪುಸ್ತಕ ಮುಚ್ಚಿದವರು ಕಲ್ಲಿನ ಹತ್ತಿರ ಹೋಗಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಯಾರಾದರೂ ತೀರಿಕೊಂಡರಾ ಅಂತ ಸೆಲ್ವಂನನ್ನು ಕೇಳಿದೆ.

‘ಕಥೆ ಮುಡಿಞ್ಜು ಪೋಚು’ ಅಂದ. ವರ್ಷಗಟ್ಟಲೆ ವಾರ ವಾರವೂ ಬರುತ್ತಿದ್ದ ಒಂದು ಕಥೆ ಆ ಸಂಚಿಕೆಗೆ ಮುಗಿದಿತ್ತು. ಮೋರಿಯವರ ಮಗ ಹುಟ್ಟುವ ಮುಂಚೆ ಶುರುವಾದದ್ದು. ‘ಪೇಪರಲ್ಲೂ ಬಂದಿದೆ, ಪಾರುಂಗ. ಈ ಕಥೆ ಮುಗಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ, ಪುಸ್ತಕದ ಕಂಪನಿಗೆ ಏಟು ಬೀಳುತ್ತದೆ ಅಂತ ಬರೆದಿದ್ದಾರೆ’ ಅಂದ.

ಒಂದು ಚಿತ್ರಕಥೆ ಮುಗಿದ ಸುದ್ದಿ ದಿನಪತ್ರಿಕೆಯಲ್ಲಿ! ನಮ್ಮ ಮಾಸಿಕ ಇಡಿಯಾಗಿ ಸತ್ತಾಗ ಎಲ್ಲಿ ಬಂತು? ಬಸ್ ನಿಲ್ದಾಣದ ಒಬ್ಬ ಮುದುಕ ಕೈ ಒದರಿದ. ಒಂದು ಹುಡುಗಿ ಬಾಗಿಲಿನಿಂದ ಒಳಗೆ ಹೋದಳು. ಅಷ್ಟೆ.

ಸಂಜೆ ಪೇಟೆಗೆ ಹೋದೆವು. ಪುಸ್ತಕದ ಅಂಗಡಿಯಲ್ಲಿ ಹೊಸದಾಗಿ ಬಂದವುಗಳನ್ನು ಬಾಗಿಲಲ್ಲೇ ಪೇರಿಸಿದ್ದರು. ಜನ ಹೆಗಲಿಗೆ ಹೆಗಲು ತಾಗಿಸಿ, ನಿಂತುಕೊಂಡೇ ಓದುತ್ತಿದ್ದರು. ಅಂಗಡಿಯವನು ಅವರ ಕಾಲ ಬುಡದಲ್ಲಿ ಕಸ ಗುಡಿಸುತ್ತಿದ್ದ, ಒಬ್ಬರನ್ನೂ ಗದರಲಿಲ್ಲ. ಮಾದಪ್ಪನವರು ಇಲ್ಲಿಗೆ ಬಂದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

‘ಒಂದ್ ತಕಳ್ಲಾ ನಿನ್ ತಂಗಿಗೆ’ ಅಂದ ಮಾದೇವ. ಯಾವುದನ್ನು ಕೊಳ್ಳುವುದು ಅಂತ ಗೊತ್ತಾಗದೆ ಎಲ್ಲವನ್ನೂ ಮುಟ್ಟಿ ಮುಟ್ಟಿ ಹಾಗೇ ಬಂದೆ.

ಹೆಸರು ಓದಲಾಗದ ಸ್ಟೇಷನ್ನು

ರಜೆಯ ದಿನ ಸೆಲ್ವಂ ನಮ್ಮನ್ನು ಸಮುದ್ರ ತೋರಿಸಲು ರೈಲಿನಲ್ಲಿ ಕರೆದುಕೊಂಡು ಹೊರಟ. ಎದುರು ಕೂತಿದ್ದ ಕೋಟಿನ ಮನುಷ್ಯ ಮೋರಿಯವರು ಓದುವ ಪುಸ್ತಕವನ್ನೇ ಓದುತ್ತಿದ್ದ. ಓದಿ ಮುಗಿಸಿ ತಲೆಯ ಮೇಲಿನ ಹಲಗೆಯಲ್ಲಿಟ್ಟು, ಸ್ಟೇಷನ್ ಬಂದಾಗ ಬರಿಗೈಯಲ್ಲಿ ಇಳಿದುಹೋದ.

ಪುಸ್ತಕ ಮರೆತು ಹೋದನಲ್ಲ! ನಾನು ಅದನ್ನು ಎತ್ತಿಕೊಂಡು ಅವನ ಹಿಂದೆ ಹಾರಿದೆ. ‘ಲೋ ಅನ್ವರಾ!’ ಅಂತ ಮಾದೇವ ಕೂಗಿದ್ದು ಕೇಳಿಸಿತು. ಪ್ಲಾಟ್‌ಫಾರಮ್ಮಿನಲ್ಲಿ ಆ ಮನುಷ್ಯನನ್ನು ಹಿಡಿದು ಪುಸ್ತಕ ಕೊಟ್ಟೆ. ಅವನು ಬಗ್ಗಿದ, ಬೇಡ ಅನ್ನುವಂತೆ ಕೈ ಆಡಿಸಿದ. ನಾನು ಮತ್ತೆ ಚಾಚಿದೆ. ಅವನ ಕಿವಿಯೆಲ್ಲ ಕೆಂಪಾಯಿತು. ಕಸ ಬಿಟ್ಟು ಬಂದದ್ದಕ್ಕೆ ಬೈಯುತ್ತಿದ್ದೇನೆ ಅಂದುಕೊಂಡನೋ ಏನೋ, ಪುಸ್ತಕ ತೆಗೆದುಕೊಂಡು ನಾಲ್ಕು ಸಲ ಬಗ್ಗಿ, ಪಕ್ಕದ ಕಸದ ಡಬ್ಬಿಗೆ ಹಾಕಲು ಹೋದ. ನಾನು ಅಯ್ಯೋ ಅಂತ ಅದನ್ನು ಕಿತ್ತುಕೊಂಡೆ. ಅವನು ಇನ್ನೊಮ್ಮೆ ಬಗ್ಗಿ ಓಡಿಯೇಬಿಟ್ಟ. ತಿರುಗಿ ನೋಡಿದರೆ ರೈಲಿನ ಬಾಗಿಲು ಮುಚ್ಚಿತ್ತು. ಗಾಜಿನ ಹಿಂದೆ ಮಾದೇವ ಬಾಯಿ ಬಡಿದುಕೊಳ್ಳುತ್ತಾ ಹೋದ.

ಓದಿದ ಪುಸ್ತಕವನ್ನು ಹಾಗೆ ರೈಲಿನಲ್ಲಿ ಬಿಟ್ಟು ಹೋಗುವುದು ಅಲ್ಲಿಯ ವಾಡಿಕೆಯಂತೆ. ಮುಂದೆ ಹತ್ತಿದವರು ಯಾರಾದರೂ ಓದಲಿ ಅಂತ. ಅದು ಸೆಲ್ವಂ ಆಮೇಲೆ ಹೇಳಿದ್ದು. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಊರಿನ ಹೆಸರು ಗೊತ್ತಿಲ್ಲ, ಬೋರ್ಡು ಓದಲು ಬರುವುದಿಲ್ಲ, ಕೈಯಲ್ಲಿ ಪರರ ಪುಸ್ತಕ. ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಪಕ್ಕದಲ್ಲಿ ಕೂತೆ. ಹೆದರಿಕೆ ಮರೆಯಲು ಪುಸ್ತಕ ತೆರೆದೆ.

ಮೊದಲ ಚಿತ್ರದಲ್ಲೇ ಇಬ್ಬರು ಕೈ ಬೀಸಿ ಬೀಳ್ಕೊಡುತ್ತಿದ್ದರು. ಮುಂದಿನದರಲ್ಲಿ ಜಗಳ. ಅದರ ಮುಂದಿನದರಲ್ಲಿ ಅವರಿಗೆ ಪರಿಚಯವೇ ಇಲ್ಲ. ಏನೂ ಅರ್ಥವಾಗದೆ ಪುಟ ತಿರುವುತ್ತಿದ್ದೆ. ಮುದುಕಿ ಸ್ವಲ್ಪ ಹೊತ್ತು ಓರೆಗಣ್ಣಿನಲ್ಲಿ ನೋಡಿದಳು. ಆಮೇಲೆ, ಮಗುವಿನ ಅಂಗಿಯ ಗುಂಡಿ ಸರಿ ಮಾಡುವ ಹಾಗೆ, ಪುಸ್ತಕವನ್ನು ನನ್ನ ಕೈಯಿಂದ ತೆಗೆದು, ಮುಚ್ಚಿ, ಮಗುಚಿ, ಬಲಗಡೆಯಿಂದ ತೆರೆದು ಮತ್ತೆ ನನ್ನ ಕೈಯಲ್ಲಿಟ್ಟಳು. ಬಲ ಮೂಲೆಯ ಮೊದಲ ಚೌಕದ ಮೇಲೆ ಬೆರಳಿಟ್ಟು, ಅಲ್ಲಿಂದ ಎಡಕ್ಕೆ ಎಳೆದು ತೋರಿಸಿದಳು.

ಉರ್ದು ಓದುವುದು ನನಗೆ ಅಷ್ಟಕ್ಕಷ್ಟೆ. ಆದರೂ ನನ್ನ ಕಣ್ಣಿಗೆ ಆ ದಾರಿ ಗೊತ್ತು. ಬಲದಿಂದ ಎಡಕ್ಕೆ, ಮತ್ತೆ ಬಲದಿಂದ ಎಡಕ್ಕೆ. ನಸೀಮಾ ನೆಲದ ಮೇಲೆ ಇದ್ದಿಲಿನಲ್ಲಿ ಚೌಕ ಹಾಕುತ್ತಿದ್ದದ್ದು ಹೀಗೇ. ಕಲಾಯಿ ಚಾಚಾ ನಡೆದದ್ದು ಹೀಗೇ. ಒಂದು ದೇಶದ ಜನವೆಲ್ಲ, ಕ್ರೇನಿನವರು, ಲೆಕ್ಕದವರು, ಕೋಟಿನವರು, ಸೋಮವಾರ ಸೋಮವಾರ ನನ್ನ ತಂಗಿಯ ದಾರಿಯಲ್ಲೇ ನಡೆಯುತ್ತಿದ್ದರು.

ಆ ಬೆಂಚಿನ ಮೇಲೆ ಕೂತು ಅತ್ತೆ. ದಾರಿ ತಪ್ಪಿದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡು ಮುದುಕಿ ನನಗೊಂದು ಕಿತ್ತಳೆ ಹಣ್ಣು ಕೊಟ್ಟಳು. ಸೆಲ್ವಂ ವಾಪಸ್ ಬರುವವರೆಗೂ ಅವಳು ಎದ್ದು ಹೋಗಲಿಲ್ಲ.

ಮೈಸೂರಿನ ಮೇಜು

ಮೈಸೂರಿನಲ್ಲಿ ಆದದ್ದು ಇದು. ನಸೀಮಾಳ ಚಿತ್ರಗಳಲ್ಲಿ ಮಾತೆಲ್ಲ ಉರ್ದುವಿನಲ್ಲಿತ್ತು. ಅಮ್ಮಿ ಓದಲಿ ಅಂತ ಮಾಡಿದ್ದಲ್ಲವಾ? ಮಾಸಿಕಕ್ಕೆ ಕೊಡಲು ನಾನು ಚೀಟಿಗಳಲ್ಲಿ ಕನ್ನಡ ಬರೆದು, ಮೈದಾ ಅಂಟಿನಲ್ಲಿ ಒಂದೊಂದು ಮಾತಿನ ಮೇಲೂ ಅಂಟಿಸಿದೆ. ಆದರೆ ಉರ್ದು ಬಲದಿಂದ ಶುರುವಾಗುತ್ತದೆ, ಚೌಕಗಳೂ ಬಲದಿಂದಲೇ ಇದ್ದವು. ಕನ್ನಡದವನು ಎಡದಿಂದ ಓದುತ್ತಾನೆ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಕಥೆ ಬಾಯಿಪಾಠ ಇದ್ದವನಿಗೆ ಯಾವ ಕಡೆಯಿಂದ ನೋಡಿದರೂ ಸರಿಯಾಗಿಯೇ ಕಾಣುತ್ತದೆ. ತಪ್ಪು ಅವಳದಲ್ಲ. ಕನ್ನಡ ಬಲ್ಲವನು ನಾನು.

ಮೇಜಿನ ಹಿಂದೆ ಕೂತಿದ್ದವರು ಪುಟಗಳನ್ನು ತಿರುವಿ ನೋಡಿ ಪಕ್ಕದವರನ್ನು ಕರೆದರು. ‘ನೋಡಿ ಇಲ್ಲಿ! ಕಳ್ಳ ಮೊದಲು ಸಿಕ್ಕಿಬೀಳ್ತಾನೆ, ಆಮೇಲೆ ಓಡ್ತಾನೆ, ಕಡೆಗೆ ಹೋಗಿ ಕದೀತಾನೆ!’ ಎಲ್ಲರೂ ನಕ್ಕರು. ‘ಯಾರಪ್ಪ ಬರೆದದ್ದು ಇದನ್ನ?’

ಅವರು ಕೆಟ್ಟವರಲ್ಲ. ತಂಗಿ ಬರೆದದ್ದು, ಬಲದಿಂದ ನೋಡಿ ಸಾರ್ ಅಂದಿದ್ದರೆ ನೋಡುತ್ತಿದ್ದರೋ ಏನೋ. ನಾನು ಏನು ಮಾಡಿದೆ? ಅವರ ಜೊತೆ ನಾನೂ ನಕ್ಕೆ. ‘ಯಾರೋ ಕೊಟ್ಟು ಕಳಿಸಿದ್ರು ಸಾರ್, ನನಗೆ ಗೊತ್ತಿಲ್ಲ’ ಅಂದೆ. ಪುಟಗಳನ್ನು ವಾಪಸ್ ಕೇಳಿದರೆ ನನ್ನದು ಅಂತ ಗೊತ್ತಾಗಿಬಿಡುತ್ತದೆ ಅಂತ ಮೇಜಿನ ಮೇಲೇ ಬಿಟ್ಟು ಮೆಟ್ಟಿಲು ಇಳಿದೆ.

ಜಪಾನಿನವರು ಪುಸ್ತಕ ಬಿಟ್ಟು ಹೋಗುವುದು ಮುಂದಿನವರು ಓದಲಿ ಅಂತ. ನಾನು ಬಿಟ್ಟು ಬಂದದ್ದು ಯಾರೂ ನನ್ನದು ಅನ್ನದಿರಲಿ ಅಂತ.

ಅಂಗಳದ ಕೆಲಸ ಮುಗಿದ ದಿನ ಮೋರಿಯವರು ಕಲ್ಲಿನ ಮೇಲೆ ನೀರು ಸುರಿದು ತಮ್ಮ ಮುಖ ನೋಡಿಕೊಂಡು ತಲೆಯಾಡಿಸಿದರು. ಎಣ್ಣೆಯ ಮಾತನ್ನು ಅವರು ಕೇಳಲಿಲ್ಲ. ನಾನೇ ಸೆಲ್ವಂನ ಬಾಯಿಂದ ಹೇಳಿಸಿದೆ. ಮಾದೇವ ಕಣ್ಣು ಬಿಟ್ಟು ನನ್ನನ್ನೇ ನೋಡಿದ.

ಚಾಮರಾಜನಗರ

ಊರಿಗೆ ಬಂದ ಮೇಲೂ ರೈಲಿನ ಆ ಪುಸ್ತಕ ನನ್ನ ಚೀಲದಲ್ಲೇ ಕೆಲವು ದಿನ ಇತ್ತು. ಕೊಟ್ಟರೆ ಹೇಳಬೇಕಾಗುತ್ತದೆ. ಹೇಳಿದರೆ ಅವಳು ಇಷ್ಟು ವರ್ಷ ಹಿಡಿದುಕೊಂಡಿದ್ದ, ‘ಇಟ್ಟುಕೊಂಡಿದ್ದಾರೆ’ ಅನ್ನುವ ಒಂದು ಮಾತೂ ಹೋಗುತ್ತದೆ. ಕೊಡದಿದ್ದರೆ ಅವಳ ದಾರಿ ತಪ್ಪಾಗಿರಲಿಲ್ಲ ಅನ್ನುವ ಸುದ್ದಿ ಅವಳಿಗೆ ಮುಟ್ಟುವುದಿಲ್ಲ. ಕಡೆಗೆ ಒಂದು ಭಾನುವಾರ ಹೋದೆ.

ನಸೀಮಾ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಯಾರೂ ಹೇಳಿಕೊಡಬೇಕಾಗಲಿಲ್ಲ. ಬಲಗಡೆಯಿಂದಲೇ ತೆರೆದಳು. ಎರಡು ಪುಟ ತಿರುವಿ ತಲೆಯೆತ್ತಿದಳು. ಅವಳ ಮುಖದಲ್ಲಿ ಎಷ್ಟೋ ವರ್ಷದಿಂದ ನಾನು ಕಾಣದ ಬೆಳಕಿತ್ತು.

‘ಭಾಯ್, ಇವರೂ ನನ್ನ ಹಾಗೇ! ನಮ್ಮ ಪುಸ್ತಕದವರೂ ಹೀಗೇ ಹಾಕುತ್ತಿದ್ದರು, ಅಲ್ಲವಾ? ನಿಂತು ಹೋಗದೆ ಇದ್ದಿದ್ದರೆ.’

ಹೌದು ಅಂದುಬಿಡಬಹುದಿತ್ತು. ಬಾಯಿಗೂ ಬಂದಿತ್ತು. ಎಲ್ಲವನ್ನೂ ಹೇಳಿದೆ. ಅಂಟಿಸಿದ್ದು, ಅವರು ನಕ್ಕದ್ದು, ಯಾರೋ ಕೊಟ್ಟರು ಅಂದದ್ದು, ಬಿಟ್ಟು ಬಂದದ್ದು, ದಸರಾ ವಿಶೇಷಾಂಕದ ಕಟ್ಟುಕಥೆ.

ಅವಳು ಎದ್ದು ಒಳಗೆ ಹೋಗಿ ಒಲೆಯ ಮೇಲಿನ ಬೇಳೆ ಇಳಿಸಿ ಬಂದಳು.

‘ಅವರು ನಗುವಾಗ ನೀನೂ ನಕ್ಕೆಯಾ?’

‘ನಕ್ಕೆ.’

‘ಜೋರಾಗಿಯಾ?’

‘ಅವರಷ್ಟೇ.’

ಪುಸ್ತಕದ ಗುಲಾಬಿ ಹಾಳೆಯ ಅಂಚನ್ನು ಬೆರಳಿನಲ್ಲಿ ನೀವಿದಳು. ‘ಅವರ ಪುಸ್ತಕ ನಿಂತು ಹೋಯಿತು ಅಂದಾಗ ನಾನು ಅವರಿಗೋಸ್ಕರ ದುವಾ ಮಾಡಿದ್ದೆ, ಭಾಯ್. ಪಾಪ, ನನ್ನ ಚಿತ್ರ ಜೋಪಾನ ಇಟ್ಟುಕೊಂಡವರು, ಅವರ ಕೆಲಸ ಹೋಯಿತಲ್ಲ ಅಂತ. ಒಂದು ದಿನ ಅಲ್ಲ, ಎಷ್ಟೋ ದಿನ.’

ನಾನು ಜಪಾನಿನವರ ಹಾಗೆ ಬಗ್ಗಿದೆ.

‘ತಲೆ ಎತ್ತು. ಅದೇನು ನಾಟಕ’ ಅಂದಳು. ‘ಈ ಪುಸ್ತಕದ ಮಾತು ನಿನಗೂ ಬರಲ್ಲ, ನನಗೂ ಬರಲ್ಲ. ಚಿತ್ರ ನೋಡಿ ಕಥೆ ನಾನು ಹೇಳುತ್ತೇನೆ. ಕೂತುಕೊಂಡು ಕೇಳು. ನಗಬೇಡ.’

ಬಲ ಮೂಲೆಯ ಮೊದಲ ಚೌಕದಿಂದ ಶುರುಮಾಡಿದಳು. ಬೆರಳು ಎಡಕ್ಕೆ ಹೋಗುತ್ತಿತ್ತು, ಮತ್ತೆ ಬಲಕ್ಕೆ ಬಂದು ಎಡಕ್ಕೆ ಹೋಗುತ್ತಿತ್ತು. ಅದು ಒಬ್ಬ ದಪ್ಪ ಅಡುಗೆಯವನ ಕಥೆ. ಅವನ ಟೋಪಿಯೊಳಗೆ ಬೆಕ್ಕು ಸೇರಿಕೊಂಡಿರುತ್ತದೆ, ಅವನಿಗೊಬ್ಬನಿಗೇ ಅದು ಗೊತ್ತಿರುವುದಿಲ್ಲ. ನಸೀಮಾ ಅಡುಗೆಯವನ ದನಿಯನ್ನೂ ಮಾಡಿದಳು, ಬೆಕ್ಕಿನ ದನಿಯನ್ನೂ ಮಾಡಿದಳು. ಹೊರಗೆ ಹೊಲಿಗೆ ಯಂತ್ರ ನಿಂತಿತು. ಅವಳ ಗಂಡ ಬಾಗಿಲಿಗೆ ಬಂದು ಕೇಳುತ್ತಾ ಗಟ್ಟಿಯಾಗಿ ನಕ್ಕ. ಕಥೆಯಲ್ಲಿ ನಗುವ ಜಾಗಗಳು ಬಹಳ ಇದ್ದವು. ಪ್ರತಿಯೊಂದರ ಹತ್ತಿರವೂ ಅವಳು ಬೆರಳು ನಿಲ್ಲಿಸಿ, ತಲೆಯೆತ್ತಿ, ನನ್ನ ಬಾಯನ್ನೇ ನೋಡುತ್ತಿದ್ದಳು.

ನಾನು ನಗಲಿಲ್ಲ.